ಎಡಗೈ ಹೊಲಿಗೆ

ಗಿಲ್ ಹ್ರಬಕ್ ತೀರಿಕೊಂಡ ಮೇಲೆ ಅವನ ಹೆಂಡತಿ ಲೊರೇನ್‌ಳಿಗೆ ಸಮಾಧಾನ ಹೇಳಲು ಬಂದವರಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುತ್ತಿದ್ದದ್ದು ಗ್ಯಾರೇಜಿನ ಬಾಗಿಲಿಗೆ. ಎಲ್ಲರೂ ಹಳೇ ಕಾರುಗಳ ಕ್ಲಬ್ಬಿನವರೇ. ಕೈಯಲ್ಲಿ ಆಲೂಗಡ್ಡೆ, ಚೀಸು ಹಾಕಿ ಬೇಯಿಸಿದ ತಿನಿಸಿನ ಪಾತ್ರೆ, ಬಾಯಲ್ಲಿ "ಪಾಪ, ಹೋಗೋ ವಯಸ್ಸಲ್ಲ", ಮನಸ್ಸಿನಲ್ಲಿ ಗಿಲ್‌ನ ಹಸಿರು ಬ್ಯೂಕ್ ಕಾರು. ಎರಡು ನಿಮಿಷ ಕಣ್ಣೊರೆಸಿಕೊಂಡು ಮೂರನೇ ನಿಮಿಷಕ್ಕೆ, "ಅಂದಹಾಗೆ ಆ ಚಕ್ರದ ಮುಚ್ಚಳ ಎಲ್ಲ ಇವೆಯಾ ಲೊರೇನ್? ಧೂಳು ಗೀಳು ಕೂತಿರಬೇಕು, ಬೇಕಿದ್ರೆ ನಾನು ತಗೊಂಡು ಹೋಗಿ ಒರೆಸಿ ಇಟ್ಟಿರ್ತೀನಿ" ಎನ್ನುತ್ತಿದ್ದರು. ಲೊರೇನ್ ಅವರವರ ಪಾತ್ರೆಯನ್ನು ಅಲ್ಲೇ ತೊಳೆದು ಅವರವರ ಕೈಗೇ ಕೊಟ್ಟು ಕಳಿಸುತ್ತಿದ್ದಳು.

ವೆಂಡೆಲ್ ಸ್ಟ್ರೌಸ್ ಒಬ್ಬ ಹಾಗಲ್ಲ ಎಂದು ಅವಳು ನಂಬಿದ್ದಳು. ಗಿಲ್ ಮತ್ತು ವೆಂಡೆಲ್ ಒಂದೇ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು, ಒಂದೇ ಬೀದಿಯಲ್ಲಿ ಮನೆ ಮಾಡಿದವರು, ಕೊನೆಗೆ ಒಂದೇ ಇಸವಿಯ ಒಂದೇ ಮಾದರಿಯ ಕಾರು ಕೊಂಡವರು. ಗಿಲ್‌ನದ್ದು ಹಸಿರು, ವೆಂಡೆಲ್‌ನದ್ದು ಕೆನೆಬಣ್ಣ. ಇವನ ಕಾರಿನ ಹೊಟ್ಟೆಯಲ್ಲಿ ಅವನ ಕೈ, ಅವನ ಕಾರಿನ ಹೊಟ್ಟೆಯಲ್ಲಿ ಇವನ ಕೈ ಆಡುತ್ತಲೇ ಇತ್ತು. ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ವೆಂಡೆಲ್ ಮಗುವಿನ ಹಾಗೆ ಅತ್ತಿದ್ದ. ಆ ಅಳು ಸುಳ್ಳಲ್ಲ ಎಂದು ಲೊರೇನ್ ಇವತ್ತಿಗೂ ಹೇಳುತ್ತಾಳೆ. ಹಾಗೆ ಹೇಳುವಾಗ ಅವಳ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಲೊರೇನ್‌ಳಿಗೆ ಒಂದೇ ಒಂದು ಆಸೆ ಉಳಿದಿತ್ತು. ಅಕ್ಟೋಬರಿನಲ್ಲಿ, ಎರಿ ಸರೋವರದ ಕಡೆಯಿಂದ ಚಳಿಗಾಳಿ ಬೀಸಿ ಮೊದಲ ಇಬ್ಬನಿ ಹೆಪ್ಪುಗಟ್ಟುವ ಹೊತ್ತಿಗೆ, ಕ್ಲಬ್ಬಿನವರು ವರ್ಷದ ಕೊನೆಯ ಸ್ಪರ್ಧೆ ಇಡುತ್ತಾರೆ. ಅದರ ಹೆಸರು 'ತಣ್ಣನೆ ಸ್ಟಾರ್ಟ್'. ಕಾರುಗಳನ್ನು ಹಿಂದಿನ ದಿನವೇ ತಂದು ಬಯಲಿನಲ್ಲಿ ಬಿಟ್ಟು ಹೋಗಬೇಕು. ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷ ನಾರ್ಮನ್ ಕೀಫರ್ ಬಾನೆಟ್ ಎತ್ತಿಸಿ ಎಂಜಿನ್ನಿನ ಕಬ್ಬಿಣಕ್ಕೆ ಬರಿಗೈ ಇಟ್ಟು ನೋಡುತ್ತಾನೆ. ಯಾರಾದರೂ ಕದ್ದು ಬೆಚ್ಚಗೆ ಮಾಡಿಟ್ಟಿದ್ದರೆ ಆಟದಿಂದ ಹೊರಗೆ. ಆಮೇಲೆ ಒಡೆಯ ಒಂದೇ ಒಂದು ಸಲ ಪೆಡಲ್ ತುಳಿದು, ಕೀಲಿ ತಿರುಗಿಸಿ, ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ ಚಾಚಿ ಕೂರಬೇಕು. ಎಂಜಿನ್ ಮೊದಲು ಅಬ್ಬರಿಸುತ್ತದೆ. ಬಿಸಿಯಾಗುತ್ತ ಹೋದ ಹಾಗೆ, ಯಾರೂ ಮುಟ್ಟದೆ, ತಾನಾಗಿಯೇ ಇಳಿದು ಇಳಿದು ಮೆಲ್ಲಗೆ ಗುನುಗುವ ಮಟ್ಟಕ್ಕೆ ಬಂದು ನಿಲ್ಲಬೇಕು. ಅಷ್ಟೂ ಹೊತ್ತು ಸುತ್ತ ನಿಂತ ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದಿರುತ್ತಾರೆ. ಇವರಲ್ಲಿ ಯಾರಿಗೂ ಚರ್ಚಿನಲ್ಲಿ ಅಷ್ಟು ಭಕ್ತಿ ಇದ್ದದ್ದನ್ನು ಊರಿನ ಹೆಂಗಸರು ಕಂಡಿಲ್ಲ.

ಹಾಗೆ ತಾನಾಗಿ ಇಳಿಯಬೇಕಾದರೆ, ತಣ್ಣನೆ ಎಂಜಿನ್ನಿಗೆ ಗಾಳಿ ತಡೆದು ಹಿಡಿಯುವ ಚೋಕ್ ಎಂಬ ಮುಚ್ಚಳ ತಾನಾಗಿ ತೆರೆಯಬೇಕು. ಅದಕ್ಕೆ ಬೇಕಾದದ್ದು ಬೆರಳ ಗಾತ್ರವೂ ಇಲ್ಲದ ಎರಡು ಕೊಳವೆ. ಒಂದು ಕೊಳವೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬಾಯಿಂದ ಶುದ್ಧವಾದ ತಣ್ಣನೆ ಗಾಳಿಯನ್ನು ಕೆಳಗೆ ಒಯ್ಯುತ್ತದೆ. ಹೊಗೆ ಹೋಗುವ ಕಬ್ಬಿಣದ ನಡುವೆ ಹಾದು ಆ ಗಾಳಿ ಬಿಸಿಯಾಗುತ್ತದೆ. ಇನ್ನೊಂದು ಕೊಳವೆ ಆ ಬಿಸಿಗಾಳಿಯನ್ನು ಮೇಲೆ ಚೋಕ್‌ನ ಡಬ್ಬಿಗೆ ತಂದು ಮುಟ್ಟಿಸುತ್ತದೆ. ಡಬ್ಬಿಯೊಳಗಿನ ಸುರುಳಿ ಸ್ಪ್ರಿಂಗು ಬಿಸಿಗೆ ಸಡಿಲವಾಗಿ ಚೋಕನ್ನು ತೆರೆಯುತ್ತದೆ. ದಾರಿಯಲ್ಲಿ ಗಾಳಿ ತಣ್ಣಗಾಗಬಾರದಲ್ಲ, ಅದಕ್ಕೆ ಈ ಎರಡನೇ ಕೊಳವೆಗೆ ಬಟ್ಟೆಯ ಅಂಗಿ ತೊಡಿಸಿರಬೇಕು. ಆ ಮಾದರಿಗೆ ಸರಿಹೊಂದುವ ಹಳೇ ಕೊಳವೆಗಳು ಸಿಗುವುದು ದೇವರು ಸಿಕ್ಕಿದ ಹಾಗೆ. ಗಿಲ್‌ಗೆ ಸಿಕ್ಕಿದ್ದವು. ಪೆನ್ಸಿಲ್ವೇನಿಯಾದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕವು ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅಂಗಿ ಹೊಲಿದವಳು ಲೊರೇನ್. ಕುಲುಮೆ ಕೆಲಸದವರಿಗೆ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಅವಳು ಕೆಲಸಕ್ಕಿದ್ದಳು. ಬೆಂಕಿಗೆ ಬಗ್ಗದ ಬಿಳಿ ಬಟ್ಟೆ, ಅದೇ ಜಾತಿಯ ದಾರ ಎರಡನ್ನೂ ಅಲ್ಲಿಂದ ತಂದಿದ್ದಳು. ಚಳಿಗಾಲದ ಒಂದು ಭಾನುವಾರ ಗಿಲ್ ಆ ಕೊಳವೆಯನ್ನು ಅವಳ ಮಡಿಲಲ್ಲಿಟ್ಟು, "ನಿನ್ನ ಕೈಯಿಂದ ಆಗ್ಬೇಕು ಕಣೆ ಇದು. ಹೊಲಿಗೆ ಕಂಡ್ರೆ ಕಾಣ್ಲಿ, ನಾನೇನು ನಾಚ್ಕೊಳ್ಳಲ್ಲ" ಎಂದಿದ್ದ. ಅವಳು ಮೀನಿನ ಮುಳ್ಳಿನ ಹಾಗೆ ಓರೆ ಓರೆ ಎಳೆ ಹಾಕಿ ಹೊಲಿದಿದ್ದಳು. ಅವಳು ಎಡಚಿ. ಎಲ್ಲರ ಮುಳ್ಳು ಒಂದು ಕಡೆ ಓರೆಯಾದರೆ ಅವಳದ್ದು ಇನ್ನೊಂದು ಕಡೆ. ಕಾರ್ಖಾನೆಯಲ್ಲಿ ಮೇಸ್ತ್ರಿ ಅವಳ ಗವಸುಗಳನ್ನು ದೂರದಿಂದಲೇ ಗುರುತಿಸಿ ಮೂಗು ಮುರಿಯುತ್ತಿದ್ದ.

ಇಷ್ಟೆಲ್ಲ ಇದ್ದೂ ಗಿಲ್‌ನ ಕಾರು ಬಯಲಿನಲ್ಲಿ ಒಮ್ಮೆಯೂ ಸರಿಯಾಗಿ ಇಳಿದಿರಲಿಲ್ಲ. ಕಾರ್ಬ್ಯುರೇಟರೇ ಸವೆದು ಹೋಗಿತ್ತು. ಪ್ರತಿ ವರ್ಷ ಅಬ್ಬರಿಸಿ, ಕೆಮ್ಮಿ, ಕಪ್ಪು ಹೊಗೆ ಉಗುಳಿ ನಿಲ್ಲುತ್ತಿತ್ತು. ಗಿಲ್ ಟೋಪಿ ಹಾಕಿಕೊಂಡು, "ಬರೋ ವರ್ಷ ನೋಡ್ರೋ" ಎಂದು ನಗುತ್ತಿದ್ದ. ಕೊನೆಗೂ ರಿಪೇರಿಯಾದ ಒಳ್ಳೇ ಕಾರ್ಬ್ಯುರೇಟರನ್ನು ಎಲ್ಲಿಂದಲೋ ತರಿಸಿದ. ಅದನ್ನು ಡಬ್ಬಿಯಿಂದ ತೆಗೆಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟ. ಡಬ್ಬಿ ಹಾಗೇ ಬೆಂಚಿನ ಮೇಲಿತ್ತು. ಅದನ್ನು ಕೂರಿಸಿ ಈ ಅಕ್ಟೋಬರಿನಲ್ಲಿ ಗಿಲ್‌ನ ಕಾರನ್ನು ಬಯಲಿಗೆ ತರಬೇಕು, ಅದು ತಾನಾಗಿ ಇಳಿಯುವುದನ್ನು ಒಂದು ಸಲ ಕಿವಿಯಾರೆ ಕೇಳಬೇಕು. ಲೊರೇನ್‌ಳ ಆಸೆ ಅಷ್ಟೇ.

ಮೇ ತಿಂಗಳಲ್ಲಿ ವೆಂಡೆಲ್ ಬಂದ. ಲೊರೇನ್ ಅಭ್ಯಾಸಬಲದಿಂದ ಟಾರ್ಚು ತೆಗೆದುಕೊಂಡಳು. ಗಿಲ್ ಕೆಲಸ ಮಾಡುವಾಗ ವರ್ಷಾನುಗಟ್ಟಲೆ ಟಾರ್ಚು ಹಿಡಿದವಳು ಅವಳೇ. ಯಾವ ನಟ್ಟು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು.

"ಅಯ್ಯೋ ನೀನ್ಯಾಕೆ ನಿಂತ್ಕೋತೀಯ? ಬೆಳಕು ಬೇಕಾದಷ್ಟಿದೆ. ಒಳಗ್ಹೋಗಿ ಒಂದು ಕಾಫಿ ಮಾಡು. ಹಾಗೇ ಆ ನಿನ್ನ ಹಣ್ಣಿನ ಪೈ ಇದ್ರೆ ಬಿಸಿ ಮಾಡು. ನಿನ್ನ ಕಣ್ಣೆದುರಿಗೆ ಅವನ ಕಾರು ಬಿಚ್ಚೋಕೆ ನನಗೂ ಸಂಕಟ" ಎಂದ ವೆಂಡೆಲ್.

ಸಂಕಟ ಎಂದವನನ್ನು ಯಾರು ತಾನೆ ಅನುಮಾನಿಸುತ್ತಾರೆ? ಅವಳು ಒಳಗೆ ಹೋದಳು. ಟ್ರೇ ಹಿಡಿದು ಬರುವಷ್ಟರಲ್ಲಿ ಹೊಸ ಕಾರ್ಬ್ಯುರೇಟರ್ ಕೂತಿತ್ತು. ವೆಂಡೆಲ್ ಮುಖ ಸಪ್ಪಗೆ ಮಾಡಿಕೊಂಡು ಅಂಗೈ ಚಾಚಿದ. ಅಂಗೈ ತುಂಬ ತುಕ್ಕಿನ ಚೂರು.

"ನೋಡು. ಕೊಳವೆ ಮುಟ್ಟಿದ್ದೇ ತಡ, ಪುಡಿಪುಡಿ. ಬಟ್ಟೆ ಸುಟ್ಟು ಕರಕಲು. ಎರಡನ್ನೂ ಕಸಕ್ಕೆ ಹಾಕ್ದೆ."

"ನನ್ನ ಹೊಲಿಗೆ ಸುಡೋದಾ? ಸುಡಲ್ಲ ಅದು."

"ಎಲ್ಲ ಸುಡುತ್ತೆ ಲೊರೇನ್, ವಯಸ್ಸಾದ ಮೇಲೆ. ತೂತು ಕೊಳವೆ ಇಟ್ಕೊಂಡ್ರೆ ಹೊಗೆ ಒಳಗೆ ಬರುತ್ತೆ, ಜೀವಕ್ಕೇ ಅಪಾಯ. ಕರೆಂಟಿನ ಚೋಕ್ ಹಾಕಿದೀನಿ. ಒಂದು ವೈರು, ಅಷ್ಟೇ. ನಿನಗೂ ತಲೆನೋವಿಲ್ಲ."

"ಕರೆಂಟಿಂದು ಹಾಕಿದ್ರೆ ಬಯಲಿಗೆ ಬಿಟ್ಕೊಳ್ಳಲ್ಲ ಅವರು. ಮೂಲದಲ್ಲಿ ಇದ್ದ ಹಾಗೇ ಇರಬೇಕು."

"ಗೊತ್ತು. ಏನ್ಮಾಡೋದು ಹೇಳು. ಸಿಕ್ಕಿದ್ರೆ ನಾನೇ ಹುಡುಕಿ ತಂದುಕೊಡ್ತಿದ್ದೆ" ಎಂದು ಅವನು ಅವಳ ಹೆಗಲು ತಟ್ಟಿ, ಪೈ ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದ. ಲೊರೇನ್ ಖಾಲಿ ಟ್ರೇ ಹಿಡಿದುಕೊಂಡು ಗ್ಯಾರೇಜಿನಲ್ಲೇ ನಿಂತು ಅತ್ತಳು. ಗಂಡ ಸತ್ತ ದಿನವೂ ಅವಳಿಗೆ ಅಷ್ಟು ಅಳು ಬಂದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕೀಫರ್ ಫೋನು ಮಾಡಿದ. ಈ ವರ್ಷದಿಂದ ತಣ್ಣನೆ ಸ್ಟಾರ್ಟ್ ಗೆದ್ದವರಿಗೆ ಕೊಡುವ ಕಪ್ಪಿಗೆ ಗಿಲ್‌ನ ಹೆಸರಿಡುವುದಾಗಿ ತೀರ್ಮಾನವಾಗಿದೆ, ಅವಳೇ ಬಂದು ತನ್ನ ಕೈಯಾರೆ ಕೊಡಬೇಕು ಎಂದ. ಕಾರಿಗೆ ಜಾಗವಿಲ್ಲದ ಬಯಲಿನಲ್ಲಿ ಕಾರಿನವನ ಹೆಸರಿಗೆ ಜಾಗ ಸಿಕ್ಕಿತಲ್ಲ ಎಂದುಕೊಂಡು ಅವಳು ಒಪ್ಪಿದಳು.

ಆ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಗರಿಗರಿಯಾಗಿತ್ತು. ಲೊರೇನ್ ಗಿಲ್‌ನ ದಪ್ಪ ಕೋಟು ತೊಟ್ಟು, ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಬದಿಯಲ್ಲಿ ನಿಂತಿದ್ದಳು. ಕಾರುಗಳು ಒಂದೊಂದಾಗಿ ಕೂಗಿದವು. ಒಂದು ಇಳಿಯದೆ ಕಿರುಚುತ್ತಲೇ ಉಳಿಯಿತು, ಇನ್ನೊಂದು ಇಳಿಯುವ ಭರದಲ್ಲಿ ಸತ್ತೇ ಹೋಯಿತು. ಕೊನೆಗೆ ವೆಂಡೆಲ್‌ನ ಕೆನೆಬಣ್ಣದ ಕಾರು. ಕೀಫರ್ ಕಬ್ಬಿಣ ಮುಟ್ಟಿ, "ಹೆಣದಷ್ಟು ತಣ್ಣಗಿದೆ" ಎಂದು ಘೋಷಿಸಿದ. ವೆಂಡೆಲ್ ಒಮ್ಮೆ ತುಳಿದು ಕೀಲಿ ತಿರುಗಿಸಿ ಕೈ ಹೊರಗೆ ಚಾಚಿದ. ಎಂಜಿನ್ ಅಬ್ಬರಿಸಿತು. ಟೋಪಿಗಳು ಇಳಿದವು. ಅಬ್ಬರ ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ನಿದ್ದೆಗೆ ಜಾರುವ ಮಗುವಿನ ಉಸಿರಿನಂತೆ ಮೆತ್ತಗಾಗಿ ಒಂದೇ ಸಮನೆ ನಿಂತಿತು. ಆಮೇಲೆ ಚಪ್ಪಾಳೆ, ಶಿಳ್ಳೆ. ಲೊರೇನ್‌ಳಿಗೂ ಕಣ್ಣು ತುಂಬಿ ಬಂತು. ಗಿಲ್ ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದ ಎಂದುಕೊಂಡಳು.

"ಬಾ ಲೊರೇನ್, ಕಪ್ ಕೊಡು, ಫೋಟೋ ತೆಗೀತಾರೆ" ಎಂದು ಕೀಫರ್ ಕರೆದ. ವೆಂಡೆಲ್ ಇಳಿದು ಬಂದು ನಿಂತ, ಅವಳೂ ಕಾರಿನ ಮುಂದೆ ಬಂದಳು. ಬಾನೆಟ್ ಇನ್ನೂ ಎತ್ತಿಯೇ ಇತ್ತು. ಕಾರ್ಬ್ಯುರೇಟರಿನ ಪಕ್ಕದಲ್ಲಿ ಕೆಳಗಿಂದ ಮೇಲಕ್ಕೆ ಬಳುಕಿದ ಬಿಳಿ ಅಂಗಿಯ ಕೊಳವೆ ಅವಳ ಕಣ್ಣಿಗೆ ಬಿತ್ತು. ಮೀನಿನ ಮುಳ್ಳಿನ ಹೊಲಿಗೆ. ಮುಳ್ಳು ಎಡಗೈ ಕಡೆಗೆ ಓರೆ. ಒಂದು ಎಳೆಯೂ ಸುಟ್ಟಿರಲಿಲ್ಲ.

ಅವಳು ಬಾಗಿ ನೋಡಿದಳು. ನೆಟ್ಟಗೆ ನಿಂತು ವೆಂಡೆಲ್‌ನ ಮುಖ ನೋಡಿದಳು.

"ಇದು ಯಾರ ಹೊಲಿಗೆ ವೆಂಡೆಲ್?"

"ಯಾವ ಹೊಲಿಗೆ?"

"ಕಣ್ಣು ಕಾಣಲ್ವಾ? ಇದು. ಕಸಕ್ಕೆ ಹಾಕ್ದೆ ಅಂದ್ಯಲ್ಲ, ಅದು."

"ಈಗ ಅದೆಲ್ಲ ಯಾಕೆ? ಎಲ್ರೂ ನೋಡ್ತಿದಾರೆ."

"ನೋಡ್ಲಿ ಅಂತಾನೇ ಕೇಳ್ತಿರೋದು."

ಕೀಫರ್ ಕೈ ಉಜ್ಜಿಕೊಳ್ಳುತ್ತ ನಡುವೆ ಬಂದ. "ಲೊರೇನ್, ಚಳಿ ಕಣಮ್ಮ. ಕಪ್ ಒಂದು ಕೊಟ್ಬಿಡು, ಕಾಫಿ ಆರ್ತಿದೆ. ನೀವಿಬ್ರೂ ಆಮೇಲೆ ಕೂತ್ಕೊಂಡು ಬಗೆಹರಿಸ್ಕೊಳ್ಳಿ. ಮನೆ ಜನದ ಥರ ಅಲ್ವಾ ನೀವು."

"ನಾರ್ಮನ್, ನಿನಗೆ ಗೊತ್ತಿತ್ತಾ?"

ಕೀಫರ್ ತನ್ನ ಬೂಟು ನೋಡಿಕೊಂಡ. ಅವನ ಹಿಂದೆ ನಿಂತವರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಬೂಟುಗಳಲ್ಲಿ ಏನೋ ಕಂಡವರ ಹಾಗೆ ತಲೆ ತಗ್ಗಿಸಿದರು. ಆ ಹೊಲಿಗೆಯನ್ನು ಗಿಲ್ ಇವರೆಲ್ಲರಿಗೂ ಹತ್ತಾರು ಸಲ ತೋರಿಸಿ ಹೆಂಡತಿಯನ್ನು ಹೊಗಳಿದ್ದ. ಗುರುತು ಸಿಗದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರ ಬಾಯಿಗೂ ಬೀಗ ಬಿದ್ದಿತ್ತು. ಗುಂಪಿನಿಂದ ಯಾರೋ, "ಒಂದು ತುಂಡು ಕೊಳವೆಗೆ ಇಷ್ಟು ರಂಪ! ಗ್ಯಾರೇಜಲ್ಲಿ ಕೊಳೆಯೋ ಬದ್ಲು ಕೆಲಸಕ್ಕೆ ಬಂತಲ್ಲ" ಎಂದು ಗೊಣಗಿದರು.

ಲೊರೇನ್ ಕೋಟಿನ ಜೇಬಿಗೆ ಕೈ ಹಾಕಿದಳು. ಗಿಲ್‌ನ ಸಣ್ಣ ಸ್ಪಾನರ್ ಅದರ ಮೂಲೆಯಲ್ಲೇ ಇತ್ತು. ಅವನ ಎಲ್ಲ ಕೋಟುಗಳ ಜೇಬಿನಲ್ಲೂ ಒಂದಲ್ಲ ಒಂದು ಇರುತ್ತಿತ್ತು. ಅವಳು ಕಿಟಕಿಯೊಳಗೆ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಕಪ್ಪನ್ನು ಹುಲ್ಲಿನ ಮೇಲಿಟ್ಟು ಬಾನೆಟ್ಟಿನಡಿ ಬಗ್ಗಿ ಮೊದಲ ನಟ್ಟಿಗೆ ಸ್ಪಾನರ್ ಹಾಕಿದಳು. ನಟ್ಟು ಕಾದಿತ್ತು. ಬೆರಳು ಚುರುಗುಟ್ಟಿದರೂ ಕೈ ತೆಗೆಯಲಿಲ್ಲ.

"ಏಯ್, ಬಿಡು! ಬಿಸಿ ಇದೆ! ಹುಚ್ಚು ಹಿಡಿದಿದ್ಯಾ ನಿನಗೆ?" ಎಂದು ವೆಂಡೆಲ್ ಮುಂದೆ ನುಗ್ಗಿ ಬಂದ.

"ಹತ್ರ ಬರ್ಬೇಡ ಕಳ್ಳ. ಪೈ ತಿಂದು ಹೋದ್ಯಲ್ಲೋ, ನನ್ನ ಮನೆ ಪೈ! ಗಂಟಲಲ್ಲಿ ಇಳೀತಾ ಅದು?"

ಕಳ್ಳ ಎಂಬ ಮಾತಿಗೆ ವೆಂಡೆಲ್‌ನ ಮುಖ ಕೆಂಪಾಯಿತು. ಅವನು ಬಾನೆಟ್ಟಿನ ನೆರಳಿಗೆ ತಲೆ ತೂರಿಸಿ ಅವಳಿಗೊಬ್ಬಳಿಗೇ ಕೇಳುವ ಹಾಗೆ ಹಲ್ಲು ಕಚ್ಚಿ ಮಾತಾಡಿದ.

"ನಾನು ಕಳ್ಳನಾ? ಹಾಗಾದ್ರೆ ನಿನ್ನ ಗಂಡನ್ನ ಏನಂತ ಕರೀತೀಯ? ಇದು ಅವನಿಗೆ ಎಲ್ಲಿಂದ ಬಂತು ಹೇಳು ನೋಡೋಣ."

"ಸಂತೆಯಿಂದ. ಪೆನ್ಸಿಲ್ವೇನಿಯಾ."

"ಸಂತೆ! ಟ್ರಿಂಬಲ್ ಅಂತ ಇದ್ಲಲ್ಲ, ಹೊಲದ ಮನೆಯವಳು, ಗಂಡ ಸತ್ತಿದ್ದ. ಕಾರು ನೋಡೋಕೆ ಅಂತ ನಾವು ಮೂವರೂ ಹೋಗಿದ್ವಿ. ನೀನು ಒಳಗೆ ಕೂತು ಅವಳ ಜೊತೆ ಪೀಚ್ ಪೈ ತಿಂತಿದ್ದೆ. ಕೊಟ್ಟಿಗೇಲಿ ನಾನು ಬಾನೆಟ್ ಎತ್ತಿ ಹಿಡ್ಕೊಂಡಿದ್ದೆ, ಅವನು ಬಿಚ್ಚಿದ. ಹೊಸದರ ಹಾಗಿತ್ತು, ಒಂದು ಚುಕ್ಕೆ ತುಕ್ಕಿರಲಿಲ್ಲ. ಮುದುಕಿಗೆ ತೂತಾಗಿದೆ ಅಂತ ಹೇಳಿ ತುಕ್ಕು ತೋರಿಸಿದ. ಆ ಅಂಗೈಲಿ ತುಕ್ಕು ಹಿಡ್ಕೊಳ್ಳೋ ಉಪಾಯ ನಂದಲ್ಲ ಲೊರೇನ್, ಅವನೇ ಕಲಿಸಿದ್ದು."

ಅವಳ ಕೈ ನಿಂತಿತು.

"ಯಾರಿಗೆ ಅಂತ ಅಲ್ಲೇ ನಾಣ್ಯ ಚಿಮ್ಮಿದ್ವಿ. ಅವನಿಗೆ ಬಿತ್ತು. ಯಾರು ಮೊದ್ಲು ಹೋಗ್ತಾರೋ ಅವರದ್ದು ಇನ್ನೊಬ್ಬನಿಗೆ ಅಂತ ಕೈ ಮೇಲೆ ಕೈ ಹಾಕಿದ್ವಿ. ನಾನೇನೂ ಕದ್ದಿಲ್ಲ. ನನ್ನ ಸರದಿ ಬಂತು, ತಗೊಂಡೆ."

ಸುಳ್ಳು ಎಂದು ಹೇಳಲು ಲೊರೇನ್ ಬಾಯಿ ತೆರೆದಳು. ಆದರೆ ನೆನಪು ಬಾಯಿಗಿಂತ ಮುಂದೆ ಓಡಿತ್ತು. ಪೀಚ್ ಪೈ ನೆನಪಿತ್ತು. "ನೀನು ಒಳಗ್ಹೋಗು, ಪಾಪ ಆಕೆಗೆ ಮಾತಾಡೋಕೆ ಜನ ಬೇಕು" ಎಂದು ಗಿಲ್ ಅವಳನ್ನು ಅಡುಗೆಮನೆಗೆ ಕಳಿಸಿದ್ದು ನೆನಪಿತ್ತು. ಎಲ್ಲ ಕಡೆ ಟಾರ್ಚು ಹಿಡಿಸುತ್ತಿದ್ದವನು ಅವತ್ತು ಟಾರ್ಚು ಕೇಳಿರಲಿಲ್ಲ. ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಕಾರು ಓಡಿಸಿದ್ದ. ಆ ವರ್ಷ ಅವನು ಯಾವ ಸಂತೆಗೂ ಹೋಗಿರಲಿಲ್ಲ. ಆ ಚಳಿಗಾಲದಲ್ಲೇ ಕೊಳವೆ ಅವಳ ಮಡಿಲಿಗೆ ಬಂದದ್ದು.

ಅವಳು ಉಳಿದ ನಟ್ಟುಗಳನ್ನೂ ಬಿಚ್ಚಿ ಎರಡೂ ಕೊಳವೆಗಳನ್ನು ಹೊರಗೆಳೆದಳು. ಕಪ್ಪನ್ನು ಹುಲ್ಲಿನಿಂದ ಎತ್ತಿ ವೆಂಡೆಲ್‌ನ ಎದೆಗೆ ಒತ್ತಿ ಹಿಡಿಸಿದಳು.

"ತಗೋ. ಇದರ ಮೇಲಿರೋ ಹೆಸರಿಗೂ ನಿನಗೂ ಸರಿಯಾದ ಜೋಡಿ."

ಫೋಟೋದವನು ಅದೇ ಕ್ಷಣಕ್ಕೆ ಒತ್ತಿಬಿಟ್ಟ. ಆ ಫೋಟೋ ಈಗಲೂ ಕ್ಲಬ್ಬಿನ ಗೋಡೆಯ ಮೇಲಿದೆ, ನೋಡಿದವರಿಗೆ ಬಹುಮಾನ ಕೊಡುತ್ತಿರುವ ಹಾಗೇ ಕಾಣುತ್ತದೆ.

ಮನೆಗೆ ಬಂದವಳೇ ಲೊರೇನ್ ಕೋಟು ಕೂಡ ಕಳಚದೆ ಗ್ಯಾರೇಜು ಹೊಕ್ಕಳು. ಕರೆಂಟಿನ ಚೋಕನ್ನು ಕಿತ್ತು, ಬೆಂಚಿನ ಮೇಲಿದ್ದ ಹಳೇ ಚೋಕ್ ಡಬ್ಬಿಯನ್ನು ಅದರ ಜಾಗಕ್ಕೆ ಕೂರಿಸಿದಳು. ತಣ್ಣನೆ ಗಾಳಿಯ ಕೊಳವೆ ಮೊದಲು, ಬಿಸಿಯದ್ದು ಆಮೇಲೆ. ನಟ್ಟನ್ನು ಬೆರಳಲ್ಲೇ ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿ, ಓರೆ ಹೋಗಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಸ್ಪಾನರ್. ಗಿಲ್ ಸಾವಿರ ಸಲ ಹೇಳಿದ್ದ ಪಾಠ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಇಷ್ಟು ದಿನ ಬೇಕು ಬೇಕು ಎಂದು ಹಂಬಲಿಸಿದ್ದನ್ನು ಕೈ ತನ್ನಷ್ಟಕ್ಕೆ ಮಾಡಿ ಮುಗಿಸಿತು.

ಮಾರನೇ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು, ಒಮ್ಮೆ ತುಳಿದು, ಕೀಲಿ ತಿರುಗಿಸಿ, ಎರಡೂ ಕೈ ಕಿಟಕಿಯಿಂದ ಹೊರಗೆ ಚಾಚಿದಳು. ನೋಡುವವರು ಯಾರೂ ಇರಲಿಲ್ಲ. ಗಿಲ್‌ನ ಕಾರು ಅಬ್ಬರಿಸಿತು. ಕೆಮ್ಮಲಿಲ್ಲ, ಕಪ್ಪು ಹೊಗೆ ಉಗುಳಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು, ಮೆತ್ತಗೆ ಬಂದು ನಿಂತಿತು. ವೆಂಡೆಲ್‌ನದ್ದಕ್ಕಿಂತ ಚೆನ್ನಾಗಿತ್ತು. ಗಿಲ್ ಆಯುಷ್ಯವೆಲ್ಲ ಕಾದ ಸದ್ದು ಅದು. ಅವಳಿಗೆ ಆ ಸದ್ದಿನ ಮೇಲೆ ಕ್ಯಾಕರಿಸಿ ಉಗುಳಬೇಕು ಅನ್ನಿಸಿತು. ಸತ್ತವನ ಜೊತೆ ಜಗಳವಾಡಲು ಬರುವುದಿಲ್ಲವಲ್ಲ, ಅದೊಂದು ದೊಡ್ಡ ಅನ್ಯಾಯ ಎಂದು ಅವಳಿಗೆ ಅನ್ನಿಸಿತು.

ಮಿಸೆಸ್ ಟ್ರಿಂಬಲ್ ಈಗ ಪಕ್ಕದ ಊರಿನ ವೃದ್ಧಾಶ್ರಮದಲ್ಲಿದ್ದಾಳೆಂದು ಚರ್ಚಿನ ಹೆಂಗಸರಿಂದ ಅವಳಿಗೆ ಗೊತ್ತಿತ್ತು. ಗ್ಯಾರೇಜಿನಿಂದ ಕಾರು ಹೊರಗೆ ತೆಗೆದು ನೇರ ಅಲ್ಲಿಗೇ ಓಡಿಸಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸುತ್ತ ಹೋದಳು. ಮೆಟ್ಟಿಲ ಮುಂದೆ ನಿಲ್ಲಿಸುವ ಹೊತ್ತಿಗೆ ಜೋಡಿಸಿದ್ದೆಲ್ಲ ಉದುರಿಹೋಗಿತ್ತು.

ಎಂಜಿನ್ ಆರಿಸುವ ಮೊದಲೇ ಜಗಲಿಯ ಬಾಗಿಲು ತೆರೆಯಿತು. ನಾಲ್ಕು ಕಾಲಿನ ಊರುಗೋಲು ಮುಂದೆ ತಳ್ಳುತ್ತ ಮುದುಕಿಯೊಬ್ಬಳು ಹೊರಗೆ ಬಂದಳು. ಮೈಮೇಲೆ ನೀಲಿ ಸ್ವೆಟರ್.

"ಆರಿಸ್ಬೇಡ, ಆರಿಸ್ಬೇಡ! ಈ ಸದ್ದು ನಂಗೊತ್ತು. ನಮ್ಮ ಮನೆಯವರು ಕ್ಲೈಡಂದೂ ಇದೇ ಕಾರು. ಯಾರಮ್ಮ ನೀನು?"

"ಲೊರೇನ್ ಹ್ರಬಕ್ ಅಂತ, ಮಿಸೆಸ್ ಟ್ರಿಂಬಲ್. ತುಂಬ ಹಿಂದೆ ನಿಮ್ಮನೆಗೆ ಬಂದಿದ್ದೆ, ಗಂಡನ ಜೊತೆ."

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ಮುಖ ಅರಳಿತು. "ಹ್ರಬಕ್! ಪೀಚ್ ಪೈ ತಿಂದ ಹುಡುಗಿ! ಎರಡು ಸಲ ಹಾಕಿಸ್ಕೊಂಡು ತಿಂದೆ ನೀನು. ನಿನ್ನ ಗಂಡ ಹೇಗಿದಾನೆ?"

"ತೀರ್ಕೊಂಡ್ರು. ಮಾರ್ಚಲ್ಲಿ."

"ಅಯ್ಯಯ್ಯೋ. ಬಾ ಇಲ್ಲಿ." ಮುದುಕಿ ಅವಳ ಕೈ ಹಿಡಿದುಕೊಂಡಳು. "ಒಳ್ಳೇ ಮನುಷ್ಯ ಕಣಮ್ಮ ಅವನು. ನಮ್ಮೋರು ತೀರ್ಕೊಂಡ ವರ್ಷ ಎಷ್ಟು ಜನ ಬಂದ್ರು ಗೊತ್ತಾ, ಹದ್ದಿನ ಹಾಗೆ! ಅದು ಕೊಡಿ, ಇದು ಕೊಡಿ. ನಿನ್ನ ಗಂಡ ಒಬ್ಬನೇ ಏನೂ ಕೇಳ್ಲಿಲ್ಲ. ಅಮ್ಮಾ ಇದನ್ನ ಓಡಿಸ್ಬೇಡಿ, ಕೊಳವೆ ತೂತಾಗಿದೆ, ಹೊಗೆ ಒಳಗೆ ಬರುತ್ತೆ, ಜೀವಕ್ಕೇ ಅಪಾಯ ಅಂದ. ಬಾಯಿ ಮಾತಲ್ಲಿ ಹೇಳಿ ಹೋಗ್ಲಿಲ್ಲ, ಆ ಹಾಳು ಕೊಳವೆನ ಬಿಚ್ಚಿ ತಾನೇ ಎಸೀತೀನಿ ಅಂತ ತಗೊಂಡ್ಹೋದ."

ಲೊರೇನ್ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿಯ ಹಿಡಿತ ಬಿಗಿಯಾಗಿತ್ತು.

"ಅವಾಗ ನನ್ನ ತಂಗಿ ಬಫಲೋದಲ್ಲಿ ಹಾಸಿಗೆ ಹಿಡಿದಿದ್ಲು. ಬೆಳಿಗ್ಗೆ ಎದ್ದು ನಾನೇ ಓಡಿಸ್ಕೊಂಡು ಹೋಗ್ಬೇಕು ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದೆ. ಹೋಗಿದ್ರೆ ದಾರೀಲೇ ಹೊಗೆ ಕುಡಿದು ಸಾಯ್ತಿದ್ದೆ. ದೇವರು ಕಳಿಸಿದ ಹಾಗೆ ಬಂದ ನೋಡು ನಿನ್ನ ಗಂಡ."

"ಆಮೇಲೆ ಹೋದ್ರಾ? ತಂಗಿ ಹತ್ರ?"

"ಎಲ್ಲಿಂದ ಹೋಗ್ಲಿ? ಯಾರು ಕರ್ಕೊಂಡು ಹೋಗ್ತಾರೆ ಅಷ್ಟು ದೂರ? ನಾಳೆ ನಾಡಿದ್ದು ಅನ್ನೋಷ್ಟರಲ್ಲಿ ಅವಳೂ ಹೋದ್ಲು. ಮಣ್ಣಿಗೂ ಹೋಗೋಕಾಗ್ಲಿಲ್ಲ ನಂಗೆ. ಕಾರನ್ನ ಗುಜರಿಯೋರಿಗೆ ತೂಕಕ್ಕೆ ಹಾಕ್ದೆ. ಹೋಗ್ಲಿ ಬಿಡು, ಅವಳು ಹೋಗೋ ಹೊತ್ತು ಬಂದಿತ್ತು." ಮುದುಕಿ ಊರುಗೋಲು ತಳ್ಳಿಕೊಂಡು ಕಾರಿನ ಹತ್ತಿರ ಬಂದಳು. "ಬಾನೆಟ್ ಎತ್ತಮ್ಮ ಒಂದ್ಸಲ. ನಮ್ಮ ಕ್ಲೈಡ್ ಭಾನುವಾರ ಭಾನುವಾರ ಎತ್ತಿ ತೋರಿಸ್ತಿದ್ದ, ನಂಗೇನೋ ಅರ್ಥ ಆಗೋ ಹಾಗೆ!"

ಲೊರೇನ್ ಬಾನೆಟ್ ಎತ್ತಿದಳು. ಎಂಜಿನ್ ಮೆತ್ತಗೆ ಗುನುಗುತ್ತಿತ್ತು. ಮುದುಕಿ ಬಗ್ಗಿ, ಅದನ್ನೂ ಇದನ್ನೂ ನೋಡಿ, ಬಿಳಿ ಅಂಗಿಯ ಮೇಲೆ ಕಣ್ಣು ನಿಲ್ಲಿಸಿದಳು.

"ಇದೇನು, ಕಾರಿಗೂ ಹೊಲಿಗೆ ಹಾಕಿದೀರಾ? ಎಷ್ಟು ಚೆನ್ನಾಗಿದೆ! ಯಾರು ಹಾಕಿದ್ದು?"

"ನಾನೇ."

"ಒಳ್ಳೇ ಕೈ ನಿನ್ನದು. ಒಳಗೆ ಏನಿದೆ ಅಂತ ಕಾಣೋದೇ ಇಲ್ಲ."

"ಮಿಸೆಸ್ ಟ್ರಿಂಬಲ್," ಲೊರೇನ್ ಬೆರಳಿಂದ ಆ ಬಿಳಿ ಅಂಗಿ ತೋರಿಸಿದಳು, "ಒಳಗಿರೋದು ನಿಮ್ಮದು. ನಿಮ್ಮ ಕಾರಿಂದು. ಅದು ತೂತಾಗಿರ್ಲಿಲ್ಲ."

ಮುದುಕಿಗೆ ಮೊದಲು ಅರ್ಥವಾಗಲಿಲ್ಲ. ಕೊಳವೆಯನ್ನು ನೋಡಿದಳು, ಲೊರೇನ್‌ಳನ್ನು ನೋಡಿದಳು. ಕೈ ಮೆಲ್ಲಗೆ ಊರುಗೋಲಿಗೆ ಹಿಂದಿರುಗಿತು.

"ತೂತಾಗಿರ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ಬಫಲೋಗೆ ಹೋಗಬಹುದಿತ್ತು."

"ಹೋಗಬಹುದಿತ್ತು."

"ಅವನು ಬಿಚ್ಚೋ ಹೊತ್ತಲ್ಲಿ ನೀನು ನನ್ನ ಅಡುಗೆಮನೇಲಿದ್ದೆ."

"ಇದ್ದೆ. ನಂಗೆ ಗೊತ್ತಿರ್ಲಿಲ್ಲ. ನಿಜವಾಗ್ಲೂ ಗೊತ್ತಿರ್ಲಿಲ್ಲ. ನಿನ್ನೆ ಗೊತ್ತಾಯ್ತು."

ಆ ಮಾತು ತನ್ನ ಕಿವಿಗೇ ವೆಂಡೆಲ್‌ನ ಮಾತಿನ ಹಾಗೆ ಲೊರೇನ್‌ಳಿಗೆ ಕೇಳಿಸಿತು.

"ಉಳಿದ ಪೈನ ಬಟ್ಟೇಲಿ ಕಟ್ಟಿ ಕೊಟ್ಟಿದ್ದೆ. ನಿನ್ನ ಗಂಡನಿಗೆ, ದಾರೀಲಿ ತಿನ್ಲಿ ಅಂತ" ಎಂದಳು ಮುದುಕಿ.

"ತಿಂದ್ರು" ಎಂದಳು ಲೊರೇನ್.

ಮುದುಕಿ ಊರುಗೋಲನ್ನು ಬಾಗಿಲ ಕಡೆಗೆ ತಿರುಗಿಸಿದಳು. ಮೆಟ್ಟಿಲ ಹತ್ತಿರ ನಿಂತು, ಹಿಂದೆ ನೋಡದೆ, "ಅದನ್ನ ಆರಿಸು. ಆ ಸದ್ದು ಕೇಳೋಕಾಗ್ತಿಲ್ಲ ನಂಗೆ" ಎಂದಳು.

ಲೊರೇನ್ ಕಿಟಕಿಯೊಳಗೆ ಕೈ ಚಾಚಿ ಕೀಲಿ ತಿರುಗಿಸಿದಳು.